ಬಿಟ್ಟ ಮೇಲಿನ ಕೋಪ ಯಾರದು?

ದುಶ್ಚಟಗಳನ್ನು ಬಿಡಬೇಕೆಂಬ ಉಪದೇಶವು ಪ್ರವಚನಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಬಿಟ್ಟ ಮರುದಿನದಿಂದ ಮನೆಯಲ್ಲಿ ಏನು ನಡೆಯುತ್ತದೆಂಬ ವಿಚಾರವು ಅಷ್ಟಾಗಿ ಬರುವುದಿಲ್ಲ. ಆದುದರಿಂದ ಸಂಕೋಚವನ್ನು ಬದಿಗಿಟ್ಟು ನಮ್ಮ ಅನುಭವವನ್ನೇ ವಾಚಕರಲ್ಲಿ ನಿವೇದಿಸುತ್ತೇವೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಮಗೆ ಬೀಡಿಯು ಅಪರಿಚಿತ ವಸ್ತುವಲ್ಲ. ಅದನ್ನು ಕಟ್ಟಿಯೇ ಮಕ್ಕಳನ್ನು ಓದಿಸಿದ ತಾಯಂದಿರು ಇಲ್ಲಿ ಎಷ್ಟೋ ಮಂದಿ. ನಾವಾದರೋ ಅರ್ಚಕರ ಮಗನಾಗಿ, ಪಾಠಶಾಲೆಯಲ್ಲಿ ಕಲಿತೂ, ಬಿ.ಎ. ಓದುವ ಕಾಲದಲ್ಲಿ ಹೊಗೆಗೆ ದಾಸರಾದೆವು. ಕೊನೆಗೊಮ್ಮೆ ಬಿಟ್ಟೆವು. ಬಿಟ್ಟ ಮೂರನೆಯ ದಿನ, ಕಾಫಿ ತಡವಾಯಿತೆಂಬ ಕ್ಷುಲ್ಲಕ ಕಾರಣಕ್ಕೆ ಸಹಧರ್ಮಿಣಿಯ ಮೇಲೆ ಹರಿಹಾಯ್ದೆವು. ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು. ಜಗಲಿಯಲ್ಲಿ ತುಳಸಿ ಬಿಡಿಸುತ್ತಿದ್ದ ತೀರ್ಥರೂಪರು ತಲೆಯೆತ್ತದೆ, "ವ್ರತ ಹಿಡಿದವ ನೀನು, ಉಪವಾಸದ ಸಂಕಟ ಅವಳಿಗೇಕೆ?" ಎಂದರು.

ಈ ಕೋಪಕ್ಕೆ ಶರೀರದಲ್ಲಿ ಕಾರಣವುಂಟು. ತಂಬಾಕಿನ ನಿಕೋಟಿನ್‌ಗೆ ಒಗ್ಗಿದ ಮಿದುಳು ಅದು ಸಿಗದಾಗ ಚಡಪಡಿಸುತ್ತದೆ. ಸಿಡುಕು, ನಿದ್ರಾಭಂಗ, ಹಸಿವು ಇವು ಮೊದಲ ವಾರದಲ್ಲಿ ತೀವ್ರವಾಗಿದ್ದು, ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ತಗ್ಗುತ್ತವೆ. ಒಂದೊಂದು ಬಯಕೆಯ ಅಲೆಯಾದರೋ ಕೆಲವೇ ನಿಮಿಷಗಳದು. ಇನ್ನೊಂದು ಸಂಗತಿ: ಹೊಗೆಯು ಕಾಫಿಯ ಸತ್ತ್ವವನ್ನು ದೇಹದಲ್ಲಿ ಬೇಗ ಕರಗಿಸುತ್ತದೆ. ಹೊಗೆ ನಿಂತಮೇಲೆ ಅದೇ ಲೋಟದ ಕಾಫಿ ಹೆಚ್ಚು ಹೊತ್ತು ಕಾಡಿ ತಳಮಳವನ್ನು ಬೆಳೆಸುತ್ತದೆ. ನಾವು ಕಾಫಿಯನ್ನು ಅರ್ಧಕ್ಕಿಳಿಸಿದೆವು. ಬಯಕೆ ಬಂದಾಗ ಬಾವಿಕಟ್ಟೆಗೆ ಹೋಗಿ ನಾಲ್ಕು ಕೊಡ ನೀರು ಸೇದಿದೆವು. ಅಷ್ಟರಲ್ಲಿ ಅಲೆ ಇಳಿಯುತ್ತಿತ್ತು.

ಕಾರಣ ಶರೀರದ್ದಾದರೆ ದೋಷ ನಮ್ಮದಲ್ಲವೇ? ಇಲ್ಲಿಯೇ ವಿವೇಕ ಬೇಕು. ಕಾಮದಿಂದ ಕ್ರೋಧವು ಹುಟ್ಟುತ್ತದೆಂದೂ, ವಿಷಯವನ್ನು ತೊರೆದರೂ ಅದರ ರುಚಿ ಉಳಿಯುತ್ತದೆಂದೂ ಗೀತೆಯ ಎರಡನೆಯ ಅಧ್ಯಾಯವು ತಿಳಿಸುತ್ತದೆ. ಕೋಪವು ಏಳುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಅದಕ್ಕೆ ನಾಲಗೆಯನ್ನು ಕೊಡುವುದು ನಮ್ಮದೇ ಕೃತ್ಯ. "ನಾನು ಬಿಟ್ಟವನು, ಎಲ್ಲರೂ ಸಹಿಸಲಿ" ಎಂಬ ಭಾವವು ಹೊಗೆ ಹೋದ ಜಾಗದಲ್ಲಿ ಬಂದು ಕೂರುವ ಅಹಂಕಾರ.

ಮನೆಯವರಿಗೂ ಒಂದು ಧರ್ಮವುಂಟು. ಚಾತುರ್ಮಾಸ್ಯದಲ್ಲಿ ಶಾಕ, ಮೊಸರು, ಹಾಲು, ದ್ವಿದಳ ಎಂದು ತಿಂಗಳಿಗೊಂದನ್ನು ಬಿಡುವಾಗ ಬಿಡುವವನು ಒಬ್ಬನೇ ಅಲ್ಲ, ಅಡುಗೆಮನೆಯೇ ಬಿಡುತ್ತದೆ; ಆದುದರಿಂದಲೇ ವ್ರತ ಹಗುರವಾಗುತ್ತದೆ. ನಮ್ಮ ಜಿಲ್ಲೆಯ ಮದ್ಯವರ್ಜನ ಶಿಬಿರಗಳಲ್ಲಿಯೂ ಕುಡಿತ ಬಿಡುವವರು ಗುಂಪಾಗಿಯೇ ಕುಳಿತುಕೊಳ್ಳುತ್ತಾರೆ. ಸಿಡುಕುವವನಿಗೆ "ಇದಕ್ಕಿಂತ ನೀನು ಸೇದುತ್ತಿದ್ದದ್ದೇ ವಾಸಿ" ಎನ್ನುವ ಒಂದು ಮಾತು ಅವನನ್ನು ಮತ್ತೆ ಗೂಡಂಗಡಿಗೆ ಕಳುಹಿಸಬಲ್ಲದು. ಬೇಕಾದವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ದೂರವಾಣಿಯ ಸಹಾಯವೂ ಇದೆ. ವೈದ್ಯರ ಔಷಧವನ್ನು ಪಡೆಯುವುದು ವ್ರತಭಂಗವಲ್ಲ.

ಅಂದು ಸಂಜೆ ನಾವು ಸಹಧರ್ಮಿಣಿಯ ಕ್ಷಮೆ ಕೇಳಿ, "ಇನ್ನೆರಡು ವಾರ ಹೀಗಿದ್ದೀತು, ಮಾತು ಮೀರಿದರೆ ಎಚ್ಚರಿಸು" ಎಂದೆವು. ಅವಳು ನಕ್ಕು, "ಬಾವಿಯ ಹಗ್ಗ ಗಟ್ಟಿಯಿದೆ" ಎಂದಳು. ಬೀಡಿಯನ್ನು ಬಿಡುವುದು ಒಂದು ದಿನದ ಕೆಲಸ; ಬಿಟ್ಟದ್ದರ ಬೆಲೆಯನ್ನು ಬೇರೆಯವರ ಮೇಲೆ ಹೊರಿಸದಿರುವುದು ಆಮೇಲಿನ ಪ್ರತಿದಿನದ ವ್ರತ. ಅದನ್ನು ನಡೆಸುವ ಶಕ್ತಿಯನ್ನು ಶ್ರೀಹರಿಯು ನಮಗೆಲ್ಲ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.