ಅವಯವದ ಮೇಲಣ ಅಂಕಿ

ಅವಯವಗಳು ಕೂಡಿದ ಮೇಲೆ ಹುಟ್ಟುವ ಅವಯವಿಯು ಅವುಗಳಿಗಿಂತ ಬೇರೆಯೋ ಅಲ್ಲವೋ ಎಂಬ ವಾದವು ನಮ್ಮ ದೇಶದಲ್ಲಿ ಬಹು ಹಳೆಯದು. ನೈಯಾಯಿಕರು ಬೇರೆಯೆಂದರು, ಬೌದ್ಧರು ಒಪ್ಪಲಿಲ್ಲ. ನಾಗಸೇನನು ಮಿಲಿಂದರಾಜನಿಗೆ ರಥದ ಅಚ್ಚು, ಗಾಲಿ, ನೊಗಗಳನ್ನು ಒಂದೊಂದಾಗಿ ಹೆಸರಿಸಿ, ಇವುಗಳಲ್ಲಿ ರಥವಾವುದೆಂದು ಕೇಳಿದ ಕಥೆಯನ್ನು ವಾಚಕರು ಬಲ್ಲರು. ಆದರೆ ಆ ರಥವನ್ನು ಬಿಚ್ಚಿದ ಬಡಗಿಯು, ಎಡದ ಗಾಲಿ ಯಾವುದು ಬಲದ ಗಾಲಿ ಯಾವುದು ಎಂಬದನ್ನು ಮರೆಯದಿರಲು ಏನು ಮಾಡಿದನೆಂದು ಯಾವ ಶಾಸ್ತ್ರಕಾರನೂ ಕೇಳಿದ್ದನ್ನು ನಾನು ಕಾಣೆನು.

ಈ ಪ್ರಶ್ನೆಯೂ ವಿಚಾರಾರ್ಹವೆಂದು ನನಗೆ ತೋರಿದ್ದು ಮೊಮ್ಮಗನ ಮೇಜಿನ ಮೇಲಿನ ಪ್ಲಾಸ್ಟಿಕ್ಕಿನ ವಿಮಾನದಿಂದ. ನಿಜವಾದ ವಿಮಾನವನ್ನು 72ರಲ್ಲಿ ಒಂದು ಪಾಲಿಗೋ 48ರಲ್ಲಿ ಒಂದು ಪಾಲಿಗೋ ಇಳಿಸಿ ಮಾಡಿದ ಇಂಥ ಮಾದರಿಗಳು ಪೆಟ್ಟಿಗೆಯಲ್ಲಿ ಬಿಡಿಭಾಗಗಳಾಗಿ ಬರುವವು. ಬೇವಿನ ಕಡ್ಡಿಗೆ ಎಲೆಗಳು ಹತ್ತಿಕೊಂಡಿರುವಂತೆ ಭಾಗಗಳೆಲ್ಲ ಒಂದು ಚೌಕಟ್ಟಿಗೆ ಹತ್ತಿಕೊಂಡಿರುವವು. ಅಂಕಿಯಿರುವದು ಸಾಮಾನ್ಯವಾಗಿ ಚೌಕಟ್ಟಿನ ಮೇಲೆ. ಭಾಗದ ಮೇಲೆ ಅಲ್ಲ. ಕತ್ತರಿಸಿದೊಡನೆ ಭಾಗವು ಹೆಸರಿಲ್ಲದ್ದಾಗುವದು. ಬಾಲದ ಎಡಬಲದ ರೆಕ್ಕೆಗಳು, ಚಕ್ರದ ಒಳಹೊರಗಿನ ಅರೆಗಳು ಕಣ್ಣಿಗೆ ಒಂದೇ ತೆರನಾಗಿ ಕಾಣುವವು. ಬಳಿದ ಬಣ್ಣ ಒಣಗುವ ತನಕ ಹತ್ತಾರು ತುಂಡುಗಳು ತಟ್ಟೆಯಲ್ಲಿ ಬೆರೆತು ಬಿದ್ದಿರುವವು. ಅಂಟಿಸುವ ದ್ರವವಾದರೋ ಎರಡು ಮೈಗಳನ್ನೂ ಕೊಂಚ ಕರಗಿಸಿ ಒಂದಾಗಿಸತಕ್ಕದ್ದು. ಆದಕಾರಣ ತಪ್ಪಾಗಿ ಕೂಡಿದ್ದನ್ನು ಬಿಡಿಸುವದು ಕಷ್ಟ.

ಇದನ್ನು ಬಲ್ಲವರು ಕತ್ತರಿಸಿದ ಕೂಡಲೆ ಭಾಗದ ಒಳಮೈಯಲ್ಲಿ ಪೆನ್ಸಿಲಿನಿಂದ ಅಂಕಿಯನ್ನು ಬರೆದಿಡುವರು. ಪೆನ್ಸಿಲು ಹತ್ತದಿದ್ದರೆ, ಮುಂದೆ ಮುಚ್ಚಿಹೋಗುವ ಜಾಗದಲ್ಲಿ ಸೂಜಿಯಿಂದ ಗೀಚುವರು. ತೀರ ಚಿಕ್ಕ ತುಂಡಾದರೆ ಅಂಟುಕಾಗದದ ಚೂರನ್ನು ಹಚ್ಚುವರು. ಅಳಿಸಲಾಗದ ಶಾಯಿಯನ್ನು ಮಾತ್ರ ಹೊರಮೈಗೆ ಮುಟ್ಟಿಸುವದಿಲ್ಲ. ಏಕೆಂದರೆ ಅಂಥ ಶಾಯಿಯು ಮೇಲೆ ಬಳಿದ ಬಣ್ಣವನ್ನೂ ಭೇದಿಸಿ ಮತ್ತೆ ಮೂಡುವ ಸಂಭವವುಂಟು.

ಪಾಠಶಾಲೆಯಲ್ಲಿ ನಾವು ಕಲಿತ ವಿಶೇಷಣ ಉಪಲಕ್ಷಣಗಳ ಭೇದವು ಇಲ್ಲಿ ಪ್ರತ್ಯಕ್ಷವಾಗಿದೆ. ದೇವದತ್ತನ ಮನೆ ಯಾವುದೆಂದು ಕೇಳಿದವನಿಗೆ, ಅಗೋ ಕಾಗೆ ಕುಳಿತಿರುವದೇ ಅವನ ಮನೆಯೆಂದು ತೋರಿಸುವರು. ಕಾಗೆ ಹಾರಿಹೋದರೂ ಮನೆ ದೇವದತ್ತನದೇ. ಅದು ಮನೆಯನ್ನು ತೋರಿಸಿತೇ ಹೊರತು ಮನೆಯ ಗುಣವಾಗಲಿಲ್ಲ. ನೀಲಕಮಲದ ನೀಲಿಮೆ ಹಾಗಲ್ಲ; ಅದು ಕಮಲವನ್ನು ಬಿಟ್ಟು ಹಾರದು. ರೆಕ್ಕೆಯ ಒಳಮೈಯಲ್ಲಿ ಬರೆದ 17 ಎಂಬ ಅಂಕಿಯು ಕಾಗೆ. ಕಾಗೆಯನ್ನು ಕಮಲದ ನೀಲಿಯೆಂದು ಭ್ರಮಿಸಿದರೆ ಏನಾಗುವದೆಂಬದೇ ನನ್ನ ಪ್ರಶ್ನೆ.

ಎಲ್ಲ ಗುರುತುಗಳನ್ನೂ ಅಳಿಸತಕ್ಕದ್ದೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಮ್ಮ ಮಸ್ಕಿಯ ಬಂಡೆಯೇ ನನ್ನನ್ನು ಖಂಡಿಸುವದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅವರು ಬ್ರಾಹ್ಮೀಲಿಪಿಯನ್ನು ಓದಿದರು. ಆಗ ತಿಳಿದಿದ್ದ ಶಾಸನಗಳಲ್ಲಿ ಅರಸನು ದೇವಾನಾಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಕರೆದುಕೊಂಡಿದ್ದನೇ ಹೊರತು ತನ್ನ ಹೆಸರನ್ನು ಹೇಳಿರಲಿಲ್ಲ. ಆತನೇ ಅಶೋಕನೆಂದು ಸಿಂಹಳದ ವಂಶಕಥೆಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರರಾದ ಸಿ. ಬೀಡನ್ ಎಂಬವರು ಮಸ್ಕಿಯಲ್ಲಿ ಕಂಡ ಬರಹದಲ್ಲಿ ಅಶೋಕನೆಂಬ ಹೆಸರೇ ಇದ್ದಿತು. ದೇಶದ ನಾನಾ ಮೂಲೆಗಳಲ್ಲಿ ಚೆದರಿ ನಿಂತ ಬಂಡೆಗಳೂ ಕಂಬಗಳೂ ಒಬ್ಬನೇ ಅರಸನವೆಂಬದು ಒಂದು ಅವಯವದ ಮೇಲೆ ಉಳಿದ ಹೆಸರಿನಿಂದ ನಿಸ್ಸಂದೇಹವಾಯಿತು. ಅದೇ ಹೆಸರುಳ್ಳ ಗುಜರಾ, ನಿಟ್ಟೂರು, ಉಡೇಗೋಳದ ಶಾಸನಗಳು ದೊರೆತದ್ದು ಆಮೇಲೆ. ಲಿಂಗಸುಗೂರು ತಾಲೂಕಿನ ಹಟ್ಟಿಯ ಗಣಿಯವರನ್ನು ಕೇಳಿದರೂ ಇದನ್ನೇ ಹೇಳುವರು: ಕೊರೆದು ತೆಗೆದ ಕಲ್ಲು ಎಷ್ಟು ಆಳದ್ದೆಂಬ ಅಂಕಿ ಅಳಿಸಿಹೋದರೆ ಅದು ಬರಿಯ ಕಲ್ಲು.

ಆದರೆ ಕಲ್ಲಿಗೆ ಅಂಕಿಯಿಂದ ನೋವಿಲ್ಲ. ಮನುಷ್ಯನಿಗೆ ಬರೆದಾಗಲೇ ಧರ್ಮದ ಪ್ರಶ್ನೆ ಏಳುವದು. ಶಾಲೆಯ ಹಾಜರಿಪಟ್ಟಿಯ ಅಂಕಿ ನಿರಪಾಯಕರವಾದದ್ದು. ಜೂನ್ ತಿಂಗಳು ಬಂದರೆ 23ನೆಯವನು 31ನೆಯವನಾಗುವನು. ಅದು ಪೆನ್ಸಿಲಿನ ಬರಹ. ಅದೇ ತರಗತಿಯಲ್ಲಿ ಒಮ್ಮೆ ದಡ್ಡನೆನಿಸಿಕೊಂಡವನಿಗೆ ಜೂನ್ ಬರುವದೇ ಇಲ್ಲ. ಅವನು ಬೆಳೆದು ಮಳಿಗೆಯಿಟ್ಟು ನಾಲ್ಕು ಮಂದಿಗೆ ಅನ್ನ ಹಾಕುತ್ತಿದ್ದರೂ ಜೊತೆಗೆ ಓದಿದವರು ಅದೇ ಹೆಸರಿನಿಂದ ನೆನೆಯುವರು. ಬಣ್ಣದ ಮೇಲೆ ಬಣ್ಣ ಬಳಿದರೂ ಶಾಯಿ ಮೂಡುತ್ತಲೇ ಇರುವದು.

ಇದಕ್ಕಿಂತ ದೊಡ್ಡ ಉದಾಹರಣೆ ಸಿಂಧನೂರಿನ ಬಳಿಯಲ್ಲಿಯೇ ಉಂಟು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳನ್ನು ಸರಕಾರವು 1970ರ ಸುಮಾರಿಗೆ ತುಂಗಭದ್ರೆಯ ಕಾಲುವೆಯ ಈ ಸೀಮೆಯಲ್ಲಿ ನೆಲೆಗೊಳಿಸಿತು. ಪುನರ್ವಸತಿಗೆ ಇಂಗ್ಲಿಷಿನಲ್ಲಿರುವ ಶಬ್ದದಿಂದ ಎರಡಕ್ಷರ, ಅದರ ಮುಂದೆ ಒಂದು ಅಂಕಿ: ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು, ನಾಲ್ಕು. ಭೂಮಿ ಹಂಚುವ ಅಧಿಕಾರಿಗೆ ಆ ಅಂಕಿ ಬೇಕಾಗಿತ್ತು. ಅದರಲ್ಲಿ ದೋಷವನ್ನು ಎಣಿಸಲಾರೆನು. ಅರ್ಧ ಶತಮಾನ ಕಳೆಯಿತು. ಅಲ್ಲಿ ಹುಟ್ಟಿದ ಮಕ್ಕಳ ಮಕ್ಕಳು ಇಲ್ಲಿಯ ಶಾಲೆಗೆ ಹೋಗುವರು, ಇಲ್ಲಿಯ ಸಂತೆಯಲ್ಲಿ ಕನ್ನಡದಲ್ಲಿ ಚೌಕಾಶಿ ಮಾಡುವರು. ಯಾವ ಊರಪ್ಪ ನಿಮ್ಮದು ಎಂದರೆ ಹೇಳಬೇಕಾದದ್ದು ಇನ್ನೂ ಚೌಕಟ್ಟಿನ ಮೇಲಿನ ಅಂಕಿಯೇ. ಕೂಡಿಸುವ ಕೆಲಸ ಮುಗಿಯಿತೆಂದು ನಾವು ಹೇಳುತ್ತೇವೆ. ಮುಗಿದಿದ್ದರೆ ಕಾಗೆ ಇನ್ನೂ ಕುಳಿತಿರುವದೇಕೆ?

ಹಾಗಾದರೆ ಅಳಿಸಿಬಿಡೋಣವೆಂದು ಅವಸರಪಡುವವರೂ ಉಂಟು. ಅವರ ಸದುದ್ದೇಶವನ್ನು ಒಪ್ಪುವೆನು, ಅವಸರವನ್ನು ಒಪ್ಪಲಾರೆನು. ಇದೇ ಕ್ಯಾಂಪುಗಳ ನಾಮಶೂದ್ರ ಸಮಾಜದವರು ತಮ್ಮ ಜಾತಿಯ ಹೆಸರನ್ನು ಪರಿಶಿಷ್ಟರ ಪಟ್ಟಿಯಲ್ಲಿ ಸೇರಿಸಬೇಕೆಂದು ಬಹುಕಾಲ ಕೇಳುತ್ತ ಬಂದರು. ಒಂದು ಗುರುತು ಹೊರೆಯಾದವರಿಗೇ ಇನ್ನೊಂದು ಗುರುತು ಬೇಕಾಯಿತು. ಅದಿಲ್ಲದೆ ಸರಕಾರದ ಕೈ ಅವರ ತನಕ ಚಾಚುವದಿಲ್ಲ. ಪ್ಲಾಸ್ಟಿಕ್ಕಿನ ರೆಕ್ಕೆಗೆ ಬಾಯಿಯಿಲ್ಲ, ಬರೆದವನೇ ಅಳಿಸಬಹುದು. ಮನುಷ್ಯರಲ್ಲಿ ಬರೆಯುವವನು ಒಬ್ಬನು, ಹೊರುವವನು ಇನ್ನೊಬ್ಬನು. ಕೇಳದೆ ಬರೆದದ್ದು ಎಂಥ ಅಧಿಕಾರವೋ, ಕೇಳದೆ ಅಳಿಸುವದೂ ಅಂಥದೇ ಅಧಿಕಾರವೆಂದು ನನ್ನ ಮತ.

ಆ ಊರುಗಳಿಗೆ ಹೆಸರಿಡಬೇಕೆಂಬ ಮಾತು ಎದ್ದರೆ ಅದು ಅಲ್ಲಿಯ ಮನೆಗಳಿಂದಲೇ ಏಳಲಿ. ಅಂಕಿಯೇ ಇರಲಿ, ಅಜ್ಜ ಬಂದಿಳಿದ ದಿನದ ನೆನಪು ಅದೆಂದು ಅವರು ಹೇಳಿದರೆ ಹಾಗೆಯೇ ಆಗಲಿ. ತಾಲೂಕು ಕಚೇರಿಯ ಕಾಗದದಲ್ಲಿ ಎರಡಕ್ಕೂ ಜಾಗವುಂಟು.