ಸಾಕಿದ ದೊಡ್ಡಮ್ಮನಿಗೆ ಪಿಂಡ ಇಡಬಹುದೇ?

ಪ್ರಶ್ನೆ: ನಾನು ಆರು ತಿಂಗಳ ಕೂಸಾಗಿದ್ದಾಗ ಅಮ್ಮ ಕಾಯಿಲೆ ಬಿದ್ದರು. ಅಮ್ಮನ ಅಕ್ಕ, ಮಕ್ಕಳಿಲ್ಲದ ದೊಡ್ಡಮ್ಮ, ನನ್ನನ್ನು ಸಾಕಿದರು. ದತ್ತು ಶಾಸ್ತ್ರ ಆಗಿಲ್ಲ. ಇಬ್ಬರೂ ಈಗಿಲ್ಲ. ಮಹಾಲಯವನ್ನು ಅಣ್ಣನ ಮನೆಯಲ್ಲಿ ಒಟ್ಟಿಗೆ ಮಾಡುತ್ತೇವೆ. ದೊಡ್ಡಮ್ಮನಿಗೂ ಪಿಂಡ ಇಡೋಣ ಎಂದರೆ ಅಣ್ಣ, "ಹೆತ್ತವಳಿಗೆ ಅವಮಾನ" ಅನ್ನುತ್ತಾರೆ. ಏನು ಮಾಡಲಿ?
– ಓರ್ವ ಓದುಗ, ಬೆಂಗಳೂರು

ಉತ್ತರ: ಧಾರಾಳವಾಗಿ ಇಡಬಹುದು. ಮಹಾಲಯದಲ್ಲಿ ತಂದೆ-ತಾಯಿಯ ವರ್ಗಗಳಾದ ಮೇಲೆ ಕಾರುಣ್ಯ ಪಿತೃಗಳು ಬರುತ್ತಾರೆ. ಅಲ್ಲಿ ತಾಯಿಯ ಅಕ್ಕತಂಗಿಯರಿಗೆ 'ಮಾತೃಷ್ವಸಾ' ಎಂದು ಜಾಗ ಇದ್ದೇ ಇದೆ. ತಾಯಿಯ ಸ್ಥಾನದಲ್ಲಿ ಮಾತ್ರ ಹೆತ್ತಮ್ಮನ ಹೆಸರೇ ಇರಲಿ. ದೊಡ್ಡಮ್ಮನಿಗೆ ಅವರ ಯಜಮಾನರ ಗೋತ್ರ ಹೇಳಬೇಕು. ಎಷ್ಟೋ ಜನ ತಡವರಿಸಿ ತಮ್ಮ ಗೋತ್ರವನ್ನೇ ಹೇಳಿಬಿಡುತ್ತಾರೆ.

ವಿಧಿ ಇಷ್ಟೇ. ಆದರೆ ಅಣ್ಣನವರ ಆಕ್ಷೇಪ ವಿಧಿಯದ್ದಲ್ಲ, ತಾಯಿ ಅಂದರೆ ಯಾರು ಅನ್ನೋದರದ್ದು.

ಮಹಾಭಾರತದ ಉದ್ಯೋಗಪರ್ವ ನೋಡಿ. ಕೃಷ್ಣ ಜನ್ಮರಹಸ್ಯ ಹೇಳಿ, ರಾಜ್ಯವನ್ನೇ ಮುಂದಿಟ್ಟಾಗ ಕರ್ಣ ನೆನೆಯುವುದು ರಾಧೆಯನ್ನು. ತನ್ನ ಮೇಲಿನ ಪ್ರೀತಿಗೆ ಆಕೆಗೆ ಹಾಲು ಬಂತು, ತನ್ನ ಮಲಮೂತ್ರ ಬಳಿದಳು, ಅಂಥವಳಿಗೆ ಪಿಂಡ ತಪ್ಪಿಸುವುದು ಹೇಗೆ ಅಂತ ಕೇಳುತ್ತಾನೆ. ನಿಮ್ಮ ಪ್ರಶ್ನೆಯೇ ಅಲ್ಲವೇ ಇದು? ಹಾಗಂತ ಕುಂತಿಯನ್ನೂ ಬರಿಗೈಲಿ ಕಳಿಸಲಿಲ್ಲ. ಅರ್ಜುನನೊಬ್ಬನ ಹೊರತು ಉಳಿದ ನಾಲ್ವರನ್ನು ಕೊಲ್ಲೆನೆಂದು ಮಾತು ಕೊಟ್ಟ.

ಗಯೆಯ ಮಾತೃಷೋಡಶಿಯಲ್ಲಿ ತಾಯಿಗೆ ಹದಿನಾರು ಪಿಂಡ. ಅವು ಹೊತ್ತದ್ದಕ್ಕೆ, ಹೆತ್ತದ್ದಕ್ಕೆ ಮಾತ್ರ ಅಲ್ಲ. ರಾತ್ರಿ ಮಗು ಒದ್ದೆ ಮಾಡಿದ ಬಟ್ಟೆಯಲ್ಲಿ ಕಳೆದ ಕಷ್ಟಕ್ಕೂ ಒಂದಿದೆ. ನಿಮ್ಮ ಪಾಲಿಗೆ ಆ ರಾತ್ರಿಗಳು ಯಾರವು?

ಇದು ನಮ್ಮವರು ಮಾತ್ರ ಯೋಚಿಸಿದ ವಿಷಯವೂ ಅಲ್ಲ. ಪ್ರಾಚೀನ ರೋಮಿನಲ್ಲಿ ಜೂನ್ 11ರಂದು ಮಾತೆರ್ ಮಾತೂತಾ ಎಂಬ ದೇವಿಯ ಹಬ್ಬ. ಅಂದು ಹೆಂಗಸರು ಅಕ್ಕತಂಗಿಯರ ಮಕ್ಕಳನ್ನು ಎತ್ತಿಕೊಂಡು ಅವರಿಗಾಗಿ ಬೇಡುತ್ತಿದ್ದರು. ದೊಡ್ಡಮ್ಮ-ಚಿಕ್ಕಮ್ಮಂದಿರ ಹಬ್ಬ ಅನ್ನಿ! ಈಜಿಪ್ಟಿನ ಸಕ್ಕಾರದಲ್ಲಿ 1996ರಲ್ಲಿ ಒಂದು ಸಮಾಧಿ ಸಿಕ್ಕಿತು. ಅದು ತುತಾಂಖಾಮುನ್ ದೊರೆಗೆ ಹಾಲೂಡಿದ ಮಾಯಾ ಎಂಬಾಕೆಯದು. ಸುಮಾರು 3,300 ವರ್ಷ ಹಿಂದಿನ ಆ ಗೋಡೆಯ ಮೇಲೆ ದೊರೆ ಅವಳ ತೊಡೆಯ ಮೇಲೆ ಕೂತಿದ್ದಾನೆ. ಹೆತ್ತವಳಲ್ಲ, ಆದರೂ ಆ ಜಾಗ ಅವಳದು.

ಅವಮಾನದ ಮಾತಿಗೆ ಬರೋಣ. ನಿಮ್ಮ ತಾಯಿ ಹಾಸಿಗೆ ಹಿಡಿದಾಗ ಕೂಸು ಸೇರಿದ್ದು ಪರರ ಕೈಗಲ್ಲ, ಒಡಹುಟ್ಟಿದ ಅಕ್ಕನ ಕೈಗೆ. ಆ ಅಕ್ಕನಿಗೆ ಎಳ್ಳುನೀರು ಬಿಟ್ಟರೆ ಆಕೆ ನೊಂದುಕೊಳ್ಳುತ್ತಾರೆಯೇ? ಅಣ್ಣನವರೇ ಹೇಳಲಿ. ಅವರಿಗೂ ಈಕೆ ಮಾತೃಷ್ವಸೆಯೇ. ಒಟ್ಟಿಗೆ ಮಾಡುವ ಮಹಾಲಯವಾದ್ದರಿಂದ ಆ ಪಿಂಡ ಇಡಬೇಕಾದವರೂ ಅವರೇ. ದೊಡ್ಡಪ್ಪನ ಗೋತ್ರ ಯಾವುದೆಂದು ಮೊದಲು ಅವರನ್ನೇ ಕೇಳಿ, ಹಿರಿಯರಿಗೆ ನೆನಪಿದ್ದೀತು.