ಬರೆಯುವ ಅಭ್ಯಾಸ ಮತ್ತು ತಿದ್ದುವ ಧರ್ಮ

ಬರೆಯುವವನಿಗೆ ಎರಡು ಕೆಲಸಗಳಿವೆ. ಬರೆಯುವುದು ಒಂದು, ಬರೆದುದನ್ನು ತಿದ್ದುವುದು ಇನ್ನೊಂದು. ಮೊದಲನೆಯದನ್ನು ಲೋಕವು ಪ್ರತಿಭೆಯೆಂದು ಗೌರವಿಸುತ್ತದೆ. ಎರಡನೆಯದನ್ನು ಗುಮಾಸ್ತನ ಕೆಲಸವೆಂದು ಬದಿಗಿರಿಸುತ್ತದೆ. ಈ ತಿಳಿವಳಿಕೆ ಸರಿಯೆ? ತಿದ್ದುವಿಕೆಯೆಂಬುದು ಭಾಷೆಯನ್ನು ಚೆಂದಗಾಣಿಸುವ ಕೌಶಲ ಮಾತ್ರವೊ, ಅಥವಾ ಸತ್ಯ ಮತ್ತು ಅಹಿಂಸೆಗಳಿಗೆ ಸಂಬಂಧಿಸಿದ ಆಚರಣೆಯೊ? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಇದು ಕವಿಗಳಿಗೆ ಮಾತ್ರ ಮೀಸಲಾದ ಪ್ರಶ್ನೆಯಲ್ಲ. ಇಂದು ಪ್ರತಿಯೊಂದು ಮನೆಯಲ್ಲಿಯೂ ಬರೆಯುವವರಿದ್ದಾರೆ. ಮಗಳು ಕಥೆ ಬರೆಯುತ್ತಾಳೆ, ನಿವೃತ್ತರಾದ ತಂದೆ ತಮ್ಮ ಹಿರಿಯರ ಚರಿತ್ರೆ ಬರೆಯುತ್ತಾರೆ. ಬಸದಿಯ ಜೀರ್ಣೋದ್ಧಾರವಾದಾಗ, ಪಂಚಕಲ್ಯಾಣ ನಡೆದಾಗ, ಟ್ರಸ್ಟಿನವರು ಸ್ಮರಣಸಂಚಿಕೆ ಹೊರತರುತ್ತಾರೆ. ಇವುಗಳಲ್ಲಿ ಹೆಚ್ಚಿನವು ಒಂದೇ ಉಸಿರಿನಲ್ಲಿ ಬರೆದು, ಮರುದಿನವೇ ಮುದ್ರಣಾಲಯಕ್ಕೆ ಹೋಗುವಂಥವು. ಆದರೆ ಅಚ್ಚಾದ ಮಾತಿಗೆ ಆಯುಸ್ಸು ದೊಡ್ಡದು. ಇಂದು ಅವಸರದಲ್ಲಿ ಬರೆದ ಒಂದು ವಾಕ್ಯವು ಮೂವತ್ತು ವರ್ಷಗಳ ನಂತರ ಬಸದಿಯ ಕಪಾಟಿನಿಂದ ಹೊರಬಂದು, ಮುಂದಿನವರಿಗೆ ಪ್ರಮಾಣವಾಗಿ ನಿಲ್ಲುತ್ತದೆ. ಆದುದರಿಂದ ಬರಹದ ತಪ್ಪು ಬರೆದವನೊಬ್ಬನ ತಪ್ಪಾಗಿ ಉಳಿಯುವುದಿಲ್ಲ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಎಷ್ಟು ಎಚ್ಚರವಾಗಿದ್ದರೆಂಬುದಕ್ಕೆ ಕನ್ನಡದ ಮೊದಲ ಉಪಲಬ್ಧ ಗ್ರಂಥವೇ ಸಾಕ್ಷಿ. ಸುಮಾರು 850ರ ಹೊತ್ತಿಗೆ ರಚಿತವಾದ ‘ಕವಿರಾಜಮಾರ್ಗ’ದಲ್ಲಿ ಮೂರು ಪರಿಚ್ಛೇದಗಳಿವೆ. ಅಲಂಕಾರಗಳ ವಿವೇಚನೆ ಬರುವುದು ಎರಡನೆಯ ಮತ್ತು ಮೂರನೆಯ ಪರಿಚ್ಛೇದಗಳಲ್ಲಿ. ಮೊದಲ ಪರಿಚ್ಛೇದವು ದೋಷ ಯಾವುದು, ಅದೋಷ ಯಾವುದು ಎಂಬುದರ ನಿರ್ಣಯಕ್ಕೆ ಮೀಸಲಾಗಿದೆ. ಒಡವೆ ತೊಡಿಸುವ ಮೊದಲು ಮೈಯ ಕೊಳೆಯನ್ನು ತೊಳೆಯಬೇಕೆಂಬುದು ಇದರ ಕ್ರಮ. ಹದಿಮೂರನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದ ಪ್ರಾರಂಭದಲ್ಲಿಯೇ, ತನ್ನ ಕೃತಿಯಲ್ಲಿ ದೋಷವಿದ್ದರೆ ತಿದ್ದಬೇಕೆಂದು ವಿದ್ವಾಂಸರನ್ನು ಬೇಡಿಕೊಂಡಿದ್ದಾನೆ. ಇಡೀ ಭಾಷೆಗೆ ವ್ಯಾಕರಣ ಬರೆದವನಿಗೆ ಈ ವಿನಯವಿದ್ದರೆ, ನಮಗೆ ಎಷ್ಟಿರಬೇಕು?

ಓಲೆಗರಿಯ ಕಾಲದ ಒಂದು ಸಂಗತಿಯನ್ನೂ ನೆನೆಯಬೇಕು. ಓಲೆಯ ಮೇಲೆ ಕಂಠದಿಂದ ಕೊರೆದು, ಆಮೇಲೆ ಮಸಿ ಸವರಿ ಒರೆಸಿದಾಗ ಅಕ್ಷರ ಕಾಣಿಸುತ್ತದೆ. ಕೊರೆದ ಗೆರೆಯನ್ನು ಅಳಿಸಲು ಬರುವುದಿಲ್ಲ. ಆದಕಾರಣ ಕವಿಯು ಬಹಳಷ್ಟು ತಿದ್ದುಪಡಿಯನ್ನು ಕೊರೆಯುವ ಮೊದಲೇ ಮನಸ್ಸಿನಲ್ಲಿ ಮಾಡಿಕೊಳ್ಳಬೇಕಾಗಿತ್ತು. ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ವಿಕ್ರಮಾರ್ಜುನವಿಜಯವನ್ನು ಆರು ತಿಂಗಳಲ್ಲಿಯೂ ಮುಗಿಸಿದೆನೆಂದು ಪಂಪನು ಹೇಳಿಕೊಂಡಿರುವುದನ್ನು ಕೆಲವರು ಪ್ರತಿಭೆಗೆ ಅಭ್ಯಾಸ ಬೇಕಿಲ್ಲವೆಂಬುದಕ್ಕೆ ದೃಷ್ಟಾಂತವಾಗಿ ಎತ್ತುತ್ತಾರೆ. ಆದಿಪುರಾಣ ಪೂರ್ಣವಾದುದು 941ರಲ್ಲಿ. ಆಗ ಆತನಿಗೆ ಸುಮಾರು ನಲವತ್ತು ವರ್ಷ. ಆ ಮೂರು ತಿಂಗಳ ಹಿಂದೆ ಇದ್ದ ವರ್ಷಗಳ ಓದು, ಕಂಠಪಾಠ, ಛಂದಸ್ಸಿನ ಸಾಧನೆಗಳನ್ನು ಬಿಟ್ಟು ಎಣಿಸುವುದು, ಕೆರೆ ತುಂಬಿದ ದಿನವನ್ನಷ್ಟೇ ಲೆಕ್ಕಕ್ಕೆ ಹಿಡಿದು ಮಳೆಗಾಲವನ್ನು ಮರೆತಂತೆ.

ಅಭ್ಯಾಸವೆಂದರೆ ಏನೆಂಬುದಕ್ಕೆ ನಮ್ಮ ಶಾಸ್ತ್ರದಲ್ಲಿಯೇ ಸ್ಪಷ್ಟವಾದ ಕ್ರಮವಿದೆ. ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಅಂತರಂಗ ತಪಸ್ಸುಗಳಲ್ಲಿ ಸೇರಿಸಿ, ಅದಕ್ಕೆ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂಬ ಐದು ಭೇದಗಳನ್ನು ಹೇಳುತ್ತದೆ. ಇದು ಶಾಸ್ತ್ರಾಧ್ಯಯನಕ್ಕಾಗಿ ಹೇಳಿದ ಮಾತು. ಆದರೂ ಬರೆಯುವವನು ಇದರಿಂದ ಕಲಿಯಬಹುದಾದುದು ಬಹಳ. ಒಳ್ಳೆಯದನ್ನು ನಿರ್ದೋಷವಾಗಿ ಓದುವುದು ವಾಚನಾ. ಸಂಶಯ ಬಂದಲ್ಲಿ ತಿಳಿದವರನ್ನು ಕೇಳುವುದು ಪೃಚ್ಛನಾ. ತಿಳಿದುದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಆಲೋಚಿಸುವುದು ಅನುಪ್ರೇಕ್ಷಾ. ಶುದ್ಧವಾದ ಉಚ್ಚಾರಣೆಯಿಂದ ಮರಳಿ ಮರಳಿ ಹೇಳಿಕೊಳ್ಳುವುದು ಆಮ್ನಾಯ. ಇತರರಿಗೆ ಹೇಳುವುದು, ಅಂದರೆ ಧರ್ಮೋಪದೇಶವು, ಎಲ್ಲಕ್ಕಿಂತ ಕೊನೆಯದು. ಬರೆದುದನ್ನು ಗಟ್ಟಿಯಾಗಿ ಓದಿಕೊಳ್ಳದೆ, ಯಾರನ್ನೂ ಕೇಳದೆ, ಒಂದು ರಾತ್ರಿಯಾದರೂ ಅದರ ಬಗ್ಗೆ ಚಿಂತಿಸದೆ ಪ್ರಕಟಿಸುವವನು ಐದನೆಯ ಮೆಟ್ಟಿಲಿನಿಂದ ಪ್ರಾರಂಭಿಸಿದವನು.

ಇನ್ನು ತಿದ್ದುವಿಕೆಯ ವಿಚಾರ. ಸತ್ಯಾಣುವ್ರತದ ಅತಿಚಾರಗಳು ಐದು: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯಾ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ಒಂದರ ಹೆಸರಿನಲ್ಲಿಯೇ ‘ಲೇಖ’ ಇರುವುದು ಗಮನಾರ್ಹ. ಒಬ್ಬನು ಆಡದ ಮಾತನ್ನು ಆಡಿದನೆಂದೂ ಮಾಡದ ಕೆಲಸವನ್ನು ಮಾಡಿದನೆಂದೂ ವಂಚಿಸುವ ಸಲುವಾಗಿ ಬರೆಯುವುದೇ ಕೂಟಲೇಖವೆಂದು ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸಿದ್ದಾರೆ. ಪರರ ಏಕಾಂತವನ್ನು ಬಯಲಿಗೆಳೆಯುವುದು ರಹೋಭ್ಯಾಖ್ಯಾನ. ಆತ್ಮಕಥೆ ಬರೆಯುವವರೂ ಕುಟುಂಬದ ಚರಿತ್ರೆ ಬರೆಯುವವರೂ ಕಥೆಗಾರರೂ ತಮ್ಮ ಕರಡನ್ನು ಈ ಎರಡು ಪ್ರಶ್ನೆಗಳ ಮುಂದೆ ಹಿಡಿಯಬೇಕು. ಇದನ್ನು ಆತನು ನಿಜವಾಗಿ ಆಡಿದನೆ? ಇದನ್ನು ಹೊರಗೆ ಹೇಳುವ ಅಧಿಕಾರ ನನಗಿದೆಯೆ?

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಥೆ, ಕಾದಂಬರಿಗಳೆಲ್ಲ ಕಲ್ಪಿತವಷ್ಟೆ. ಇಲ್ಲದವರು ಇಲ್ಲದ ಮಾತನ್ನಾಡುವ ಬರಹದಲ್ಲಿ ಸತ್ಯವೆಲ್ಲಿ, ಹಿಂಸೆಯೆಲ್ಲಿ? ಇದಕ್ಕೆ ಉತ್ತರವನ್ನು ಜನ್ನಕವಿಯು 1209ರಲ್ಲಿಯೇ ಕೊಟ್ಟಿದ್ದಾನೆ. ಯಶೋಧರ ಚರಿತೆಯಲ್ಲಿ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಅರಸನು ಜೀವವಿರುವ ಕೋಳಿಯನ್ನು ಕೊಲ್ಲುವುದಿಲ್ಲ, ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಆದರೂ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಬಳಲುತ್ತಾರೆ. ಸತ್ತದ್ದು ಹಿಟ್ಟು, ಆದರೆ ಕೊಲ್ಲುವ ಸಂಕಲ್ಪ ನಿಜವಾದುದು. ಬರಹಗಾರನ ಪಾತ್ರಗಳೂ ಹಿಟ್ಟಿನವೇ. ನೆರೆಮನೆಯವನ ಮೇಲಿನ ದ್ವೇಷವನ್ನು ತೀರಿಸಿಕೊಳ್ಳಲು ಅವನ ಹೆಸರು ಬದಲಿಸಿ, ಊರು ಬದಲಿಸಿ, ಕಥೆಯಲ್ಲಿ ಅವನನ್ನು ನೀಚನನ್ನಾಗಿ ಮಾಡಿ ಅವಮಾನಿಸಿದರೆ ಅದು ಹಿಟ್ಟಿನ ಕೋಳಿಯ ಬಲಿ. ಓದುಗರು ಗುರುತಿಸದಿರಬಹುದು, ಬರೆದವನಿಗೆ ತನ್ನ ಸಂಕಲ್ಪ ಗೊತ್ತು. ತಿದ್ದುವಾಗ ಹುಡುಕಬೇಕಾದ ಮೊದಲ ದೋಷ ಇದು.

ಇದರ ಅರ್ಥ ಕಥೆಯಲ್ಲಿ ಕೆಟ್ಟವರು ಇರಬಾರದೆಂದಲ್ಲ. ಅದೇ ಕಾವ್ಯದ ಅಮೃತಮತಿ ಗಂಡನಿಗೆ ವಿಷವಿಕ್ಕಿದವಳು. ಆದರೂ ಕೇಳಿಬಂದ ಮಾವುತನ ಹಾಡಿಗೆ ಆಕೆಯ ಮನಸ್ಸು ಸೋತುದನ್ನು ಜನ್ನನು ಎಷ್ಟು ಗಮನವಿಟ್ಟು ಹೇಳಿದ್ದಾನೆಂದರೆ, ಓದುವವನಿಗೆ ಆಕೆಯ ಮೇಲೆ ತೀರ್ಪು ಕೊಡುವ ಮೊದಲು ತನ್ನ ಮನಸ್ಸಿನ ಚಾಂಚಲ್ಯ ನೆನಪಾಗುತ್ತದೆ. ದೋಷವನ್ನು ಮರೆಮಾಚದೆಯೂ ದ್ವೇಷಿಸದೆಯೂ ಬರೆಯಲು ಸಾಧ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಆತನಿಗಿಂತ ಮೊದಲು ಹಲವರು ಸಂಸ್ಕೃತ ಪ್ರಾಕೃತಗಳಲ್ಲಿ ವಿಸ್ತಾರವಾಗಿ ಹೇಳಿದ್ದ ಕಥೆಯನ್ನು ಮುನ್ನೂರಕ್ಕೆ ತುಸು ಮಿಕ್ಕಿದ ಪದ್ಯಗಳಲ್ಲಿ ಮುಗಿಸಿದ ಸಂಯಮವೂ ನಮಗೆ ಮಾದರಿ. ಅಪರಿಗ್ರಹವೆಂಬುದು ಮಾತಿಗೂ ಅನ್ವಯಿಸುತ್ತದೆ.

ಇಷ್ಟು ಕಾವ್ಯದ ಮಾತಾಯಿತು. ಈಗ ನಮ್ಮ ಹತ್ತಿರದ ಒಂದು ಊರನ್ನು ತೆಗೆದುಕೊಂಡು, ಅಭ್ಯಾಸ ಮತ್ತು ತಿದ್ದುವಿಕೆ ಹೇಗೆ ನಡೆಯಬೇಕೆಂದು ನೋಡೋಣ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿರುವ ಹದಿನಾರು ಗ್ರಾಮದ ಹೆಸರು ಮೈಸೂರಿನ ಅರಸುಮನೆತನದ ಮೂಲಕಥೆಯೊಡನೆ ಕೂಡಿಕೊಂಡಿದೆ. ಯದುರಾಯ, ಕೃಷ್ಣರಾಯರೆಂಬ ಸಹೋದರರು ಬಂದು, ಕಾರುಗಹಳ್ಳಿಯ ಮಾರನಾಯಕನ ಹಿಡಿತದಿಂದ ಹದಿನಾಡಿನ ರಾಜಕುಮಾರಿಯನ್ನು ಬಿಡಿಸಿದರೆಂದೂ, ಯದುರಾಯನು ಆಕೆಯನ್ನು ವರಿಸಿ 1399ರಲ್ಲಿ ಅರಸನಾದನೆಂದೂ ಐತಿಹ್ಯ. ಆ ಹದಿನಾಡೇ ಇಂದಿನ ಹದಿನಾರು ಎಂಬುದು ರೂಢಿಯ ಅಭಿಪ್ರಾಯ. ಸಹೋದರರು ದ್ವಾರಕೆಯಿಂದ ಬಂದವರೆಂಬ ಮಾತನ್ನು ಚರಿತ್ರಕಾರರೆಲ್ಲರೂ ಒಪ್ಪುವುದಿಲ್ಲ. ರಾಜಕುಮಾರಿಯ ತಂದೆಯ ಗತಿಯೇನಾಯಿತೆಂಬುದನ್ನು ಒಂದೊಂದು ಪಾಠವು ಒಂದೊಂದು ಬಗೆಯಾಗಿ ಹೇಳುತ್ತದೆ.

ಈ ಊರಿನ ಯುವಕನೊಬ್ಬನು ತನ್ನ ಊರಿನ ಕಥೆ ಬರೆಯಲು ಕುಳಿತನೆಂದು ಭಾವಿಸೋಣ. ಮೊದಲ ಕರಡಿನಲ್ಲಿ ಆತನು “ಯದುರಾಯನು ದ್ವಾರಕೆಯಿಂದ ಬಂದನು” ಎಂದು ಬರೆಯುತ್ತಾನೆ. ತಿದ್ದುವಾಗ ಅದು “ಬಂದನಂತೆ” ಎಂದಾಗಬೇಕು. ‘ಅಂತೆ’ ಎಂಬ ಎರಡಕ್ಷರದಲ್ಲಿ ಎಷ್ಟು ವಿವೇಕವಿದೆ! ನಾನು ಕಂಡದ್ದಲ್ಲ, ಕೇಳಿದ್ದು ಎಂದು ಅದು ಪ್ರಾಮಾಣಿಕವಾಗಿ ಹೇಳುತ್ತದೆ. ಸ್ಯಾದ್ವಾದದ ‘ಸ್ಯಾತ್’ ಸಂದೇಹದ ಮಾತಲ್ಲ. ಯಾವ ದೃಷ್ಟಿಯಲ್ಲಿ ನಿಂತು ಈ ಮಾತನ್ನು ಹೇಳುತ್ತಿದ್ದೇವೆಂಬುದರ ಸೂಚನೆ ಅದು. ನಮ್ಮ ಅಜ್ಜಿಯರು ಕಥೆ ಹೇಳುವಾಗ ತಾನಾಗಿ ಸೇರಿಸುವ ‘ಅಂತೆ’ಯಲ್ಲಿಯೂ ಅಂಥದೇ ಎಚ್ಚರವಿದೆ. ಅದನ್ನು ಕಿತ್ತುಹಾಕಿದರೆ ವಾಕ್ಯಕ್ಕೆ ಗಾಂಭೀರ್ಯ ಬಂದಂತೆ ತೋರುತ್ತದೆ, ಆದರೆ ಸತ್ಯ ಹೋಗುತ್ತದೆ.

ಚರಿತ್ರೆಯನ್ನು ಬಿಟ್ಟು ಕಣ್ಣೆದುರಿನದನ್ನು ಬರೆಯುವಾಗಲೂ ಇದೇ ನಿಯಮ. ಹದಿನಾರಿನ ಕೆರೆಗೆ ಚಳಿಗಾಲದಲ್ಲಿ ದೂರದ ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಕಲಿಯುವವನು ಮೊದಲ ದಿನ “ಕೆರೆಯ ಸೊಬಗು ವರ್ಣನಾತೀತ, ಅಸಂಖ್ಯಾತ ಪಕ್ಷಿಗಳು” ಎಂದು ಬರೆಯುತ್ತಾನೆ. ವರ್ಣನಾತೀತವೆಂದು ಹೇಳಿದವನು ವರ್ಣಿಸುವ ಶ್ರಮದಿಂದ ತಪ್ಪಿಸಿಕೊಂಡನು, ಅಸಂಖ್ಯಾತವೆಂದವನು ಎಣಿಸಲಿಲ್ಲ. ಎರಡನೆಯ ದಿನ ಹೋಗಿ ಎಣಿಸಲಿ. ಮೂರನೆಯ ದಿನ ಆ ಹಕ್ಕಿಗಳ ತಲೆಯ ಕಪ್ಪು ಪಟ್ಟೆಗಳೆಷ್ಟೆಂದು ನೋಡಲಿ. ಹತ್ತು ದಿನ ಹೀಗೆ ಬರೆದವನಿಗೆ ಭಾಷೆ ಮಾತ್ರವಲ್ಲ, ನೋಟವೂ ಶುದ್ಧವಾಗುತ್ತದೆ. ದಿನನಿತ್ಯದ ಅಭ್ಯಾಸದ ನಿಜವಾದ ಫಲ ಇದು. ಪ್ರಮಾದವೇ ಹಿಂಸೆಯ ಮೂಲವೆಂದು ಬಲ್ಲ ನಮಗೆ ಗಮನದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸೀಮೆಗೆ ದೂರವಲ್ಲದ ಕನಕಗಿರಿಯಲ್ಲಿ, ಅಂದರೆ ಚಾಮರಾಜನಗರದ ಕಡೆಯ ಮಲೆಯೂರಿನಲ್ಲಿ, ದೀರ್ಘಕಾಲದ ಬರಹಕ್ಕೆ ಒಂದು ನಿದರ್ಶನವಿದೆ. ಪೂಜ್ಯಪಾದರ ನೆನಪನ್ನು ಪರಂಪರೆಯು ಉಳಿಸಿಕೊಂಡಿರುವ ಆ ಕ್ಷೇತ್ರದ ದೇವಚಂದ್ರನು, 1804ರ ಸುಮಾರಿಗೆ ಕರ್ನಲ್ ಮೆಕೆಂಜಿಯ ಸಂಪರ್ಕಕ್ಕೆ ಬಂದು ಸ್ಥಳೀಯ ಕಥನಗಳ ಸಂಗ್ರಹಕ್ಕೆ ನೆರವಾದವನು. ಆತನ ‘ರಾಜಾವಳೀ ಕಥೆ’ ಸಿದ್ಧವಾದುದು ಅದಾದ ಮೂರು ದಶಕಗಳ ನಂತರ. ಮೈಸೂರು ಅರಮನೆಯ ದೇವೀರಮ್ಮಣ್ಣಿಯವರ ಅಪೇಕ್ಷೆಯಂತೆ ಮೈಸೂರು ಅರಸರ ವೃತ್ತಾಂತವೂ ಅದಕ್ಕೆ ಸೇರಿತು. ಕೇಳಿದುದನ್ನೂ ಓದಿದುದನ್ನೂ ಒಟ್ಟಿಗೆ ಪೋಣಿಸಿದ ಆ ಗ್ರಂಥವನ್ನು ಇಂದಿನ ವಿದ್ವಾಂಸರು ಕೃತಜ್ಞತೆಯಿಂದಲೂ ಎಚ್ಚರಿಕೆಯಿಂದಲೂ ಬಳಸುತ್ತಾರೆ. ಎರಡೂ ಮನೋಭಾವಗಳು ಸರಿಯಾದುವೇ. ಆತನು ಬರೆದಿಡದಿದ್ದರೆ ಎಷ್ಟೋ ಸಂಗತಿಗಳು ನಮಗೆ ಉಳಿಯುತ್ತಿರಲಿಲ್ಲ. ಬರೆದುದರಲ್ಲಿ ಐತಿಹ್ಯವೆಲ್ಲಿ ಮುಗಿದು ಚರಿತ್ರೆಯೆಲ್ಲಿ ತೊಡಗುತ್ತದೆಂದು ಬಿಡಿಸುವ ಹೊಣೆ ಮುಂದಿನವರ ಪಾಲಿಗೆ ಬಂದಿದೆ. ತಿದ್ದುವಿಕೆ ಒಬ್ಬನ ಆಯುಸ್ಸಿನಲ್ಲಿ ಮುಗಿಯುವ ಕೆಲಸವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಆದರೆ ತಿದ್ದುವಿಕೆಗೂ ಎಲ್ಲೆಯುಂಟು. ನಿಜವಾದ ಸಂಗತಿಯನ್ನು ಕಿವಿಗೆ ಇಂಪಾಗಲೆಂದು ಬದಲಿಸುವುದು, ಬಡತನದಲ್ಲಿ ಬಾಳಿದ ಹಿರಿಯರನ್ನು ವೈಭವದಲ್ಲಿ ಬಾಳಿದವರಂತೆ ತೋರಿಸುವುದು, ಮನೆಯ ಜಗಳವೊಂದನ್ನು ಇಲ್ಲವೇ ಇಲ್ಲವೆಂಬಂತೆ ಅಳಿಸುವುದು, ಇವೆಲ್ಲ ತಿದ್ದುವಿಕೆಯ ವೇಷ ತೊಟ್ಟ ಕೂಟಲೇಖಗಳು. ಏಕಾಂತವನ್ನು ಹೇಳದೆ ಬಿಡುವುದು ಬೇರೆ, ಸುಳ್ಳನ್ನು ಹೇಳುವುದು ಬೇರೆ. ಇನ್ನೊಂದು ಅಂಚಿನಲ್ಲಿ, ತನ್ನ ಬರಹ ಪರಿಪೂರ್ಣವಾಗಬೇಕೆಂದು ವರ್ಷಗಟ್ಟಲೆ ತಿದ್ದುತ್ತ ಯಾರಿಗೂ ತೋರಿಸದವರಿದ್ದಾರೆ. ಅದು ವಿನಯದಂತೆ ಕಂಡರೂ ಒಳಗಿರುವುದು ಮಾನಕಷಾಯ. ತಾನು ತಪ್ಪಿದುದನ್ನು ಇತರರು ಕಾಣಬಾರದೆಂಬ ಹಟ ಅದು. ಬಲ್ಲಷ್ಟು ತಿದ್ದಿ, ಉಳಿದುದನ್ನು ತಿದ್ದಿರೆಂದು ಕೇಶಿರಾಜನಂತೆ ಓದುಗರ ಕೈಗೊಪ್ಪಿಸುವುದೇ ಮಧ್ಯದ ದಾರಿ.

ಆಚರಣೆಗೆ ಸುಲಭವಾದ ಕೆಲವು ನಿಯಮಗಳನ್ನು ಹೇಳಬಹುದು. ದಿನವೂ ಒಂದು ನಿಶ್ಚಿತ ಹೊತ್ತಿನಲ್ಲಿ ಒಂದೇ ಪುಟವಾದರೂ ಸರಿ, ಬರೆಯಬೇಕು. ಬರೆದ ದಿನವೇ ತಿದ್ದಬಾರದು. ಬರೆದ ಬಿಸಿ ಆರಿದ ಮೇಲೆ, ನಾಲ್ಕಾರು ದಿನ ಕಳೆದು, ಬೇರೊಬ್ಬನ ಬರಹವೆಂಬಂತೆ ಓದಬೇಕು. ಮೊದಲ ಸಲ ಓದುವಾಗ ಸತ್ಯವನ್ನೂ, ಎರಡನೆಯ ಸಲ ಪರರಿಗೆ ಆಗುವ ನೋವನ್ನೂ, ಮೂರನೆಯ ಸಲ ಭಾಷೆಯನ್ನೂ ನೋಡಬೇಕು. ಈ ಕ್ರಮ ತಲೆಕೆಳಗಾದರೆ ಸುಳ್ಳೇ ಸುಂದರವಾಗಿ ಉಳಿದುಬಿಡುವ ಅಪಾಯವಿದೆ. ಹೊಡೆದುಹಾಕಿದ ಕರಡನ್ನು ಎಸೆಯದೆ ಇಟ್ಟುಕೊಂಡರೆ, ಯಾವ ತಪ್ಪು ಮರಳಿ ಮರಳಿ ಬರುತ್ತಿದೆಯೆಂದು ಗೊತ್ತಾಗುತ್ತದೆ. ಟ್ರಸ್ಟುಗಳ ಹಿರಿಯರಲ್ಲಿ ಒಂದು ಬಿನ್ನಹ. ಸ್ಮರಣಸಂಚಿಕೆಯ ಲೇಖನಗಳನ್ನು ಅಚ್ಚಿಗೆ ಕೊಡುವ ಮೊದಲು ಊರಿನ ಒಬ್ಬ ವೃದ್ಧರಿಗೂ ಒಬ್ಬ ವಿದ್ಯಾರ್ಥಿಗೂ ಓದಲು ಕೊಡಿ. ಸಂಗತಿ ತಪ್ಪಿದ್ದರೆ ಮೊದಲನೆಯವರು ಹೇಳುತ್ತಾರೆ; ಅರ್ಥವಾಗದಿದ್ದರೆ ಎರಡನೆಯವರು ಹೇಳುತ್ತಾರೆ.

ಶ್ರಾವಕನು ಸಂಜೆ ಕುಳಿತು ದಿನದ ನಡೆಯನ್ನು ಆಲೋಚಿಸಿ, ದೋಷವನ್ನು ಒಪ್ಪಿ, ಅದರಿಂದ ಹಿಂದಿರುಗುವುದಕ್ಕೆ ಪ್ರತಿಕ್ರಮಣವೆಂದು ಹೆಸರು. ಬರೆದುದನ್ನು ಮರಳಿ ಓದುವವನೂ ಆಡಿದ ಮಾತಿನ ಕಡೆಗೆ ಹೀಗೆಯೇ ಹಿಂದಿರುಗುತ್ತಾನೆ. ಬಾಯಿಂದ ಹೊರಟ ಮಾತನ್ನು ಹಿಂದಕ್ಕೆ ತರಲಾಗುವುದಿಲ್ಲ. ಕಾಗದದ ಮೇಲಿನ ಮಾತಿಗೆ, ಅದು ಅಚ್ಚಿಗೆ ಹೋಗುವವರೆಗೆ, ಆ ಅವಕಾಶವಿದೆ. ಆ ಅವಕಾಶವನ್ನು ನಮ್ಮ ಮನೆಗಳ ಮಕ್ಕಳು ಚಿಕ್ಕಂದಿನಿಂದಲೇ ಬಳಸಲು ಕಲಿಯಲಿ. ಅವರಲ್ಲಿ ಎಲ್ಲರೂ ಕವಿಗಳಾಗುವುದಿಲ್ಲ. ಆದರೆ ಒಂದು ಮಾತನ್ನು ಅಚ್ಚಿಗೆ ಕೊಡುವ ಮೊದಲು ನಿಂತು ನೋಡುವ ಅಭ್ಯಾಸ ಅವರಿಗೆ ಬಾಳಿನುದ್ದಕ್ಕೂ ಉಪಯೋಗಕ್ಕೆ ಬರುತ್ತದೆ.